ತಲೆಗೆ ಏಟು ಬಿದ್ದರೆ ನಕ್ಷತ್ರ ಕಾಣೋದು ಯಾಕೆ?

ಅಟ್ಟದ ತೊಲೆಗೋ ಕಿಟಕಿ ಬಾಗಿಲಿಗೋ ತಲೆ ಜೋರಾಗಿ ಬಡಿದಾಗ ಕಣ್ಣ ಮುಂದೆ ಬಿಳಿ ಕಿಡಿಗಳು ಚಿಮ್ಮುತ್ತವೆ. ಭಾರದ ಮೂಟೆ ಎತ್ತಿದಾಗ, ಕೂತಲ್ಲಿಂದ ದಡಕ್ಕನೆ ಎದ್ದಾಗ, ಕೆಲವರಿಗೆ ಜೋರಾಗಿ ಸೀನಿದಾಗಲೂ ಹಾಗೇ ಆಗುತ್ತದೆ. ಹೊರಗಿನಿಂದ ಬೆಳಕೇನೂ ಬಂದಿರುವುದಿಲ್ಲ. ಆದರೂ ಕಂಡದ್ದು ಭ್ರಮೆ ಅಂತ ತಳ್ಳಿಹಾಕುವಂತಿಲ್ಲ, ಯಾಕಂದರೆ ಆ ಕ್ಷಣದಲ್ಲಿ ಕಣ್ಣಿನ ನರವೋ ಮಿದುಳೋ ನಿಜವಾಗಿಯೂ ಕೆಲಸ ಮಾಡಿರುತ್ತದೆ.

ಇದನ್ನು ನೀವೇ ನೋಡಬಹುದು. ಕಣ್ಣಿನ ಆಪರೇಷನ್ ಆಗಿದ್ದರೆ ಅಥವಾ ಜಾಸ್ತಿ ಮೈನಸ್ ಪವರ್ ಇದ್ದರೆ ಮಾತ್ರ ಬೇಡ. ಕಣ್ಣು ಮುಚ್ಚಿ, ಗುಡ್ಡೆಯನ್ನು ಮೂಗಿನ ಕಡೆ ಹೊರಳಿಸಿ, ಕಿವಿಯ ಕಡೆಯ ತುದಿಯಲ್ಲಿ ರೆಪ್ಪೆಯ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ. ಒಂದು ದುಂಡನೆಯ ಕಪ್ಪು ಬೊಟ್ಟು, ಅದರ ಸುತ್ತ ಬೆಳಕಿನ ಬಳೆ ಕಾಣುತ್ತದೆ. ಅದು ಕಾಣುವುದು ಬೆರಳಿರುವ ಕಡೆ ಅಲ್ಲ, ಮೂಗಿನ ಕಡೆ! ಕಣ್ಣೊಳಗೆ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ತೆಳು ಪದರ ರೆಟಿನಾ, ಅದರ ಮೇಲೆ ಚಿತ್ರ ಬೀಳುವುದೇ ತಿರುಗುಮುರುಗಾಗಿ. ಹಾಗಾಗಿ ರೆಟಿನಾದ ಹೊರಭಾಗವನ್ನು ತಟ್ಟಿದರೆ, ಮೂಗಿನ ಕಡೆಯಿಂದ ಬೆಳಕು ಬಂತು ಅಂತಲೇ ಮಿದುಳು ಲೆಕ್ಕ ಹಾಕುತ್ತದೆ.

ಐಸಾಕ್ ನ್ಯೂಟನ್ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಇದನ್ನೇ ಭಯ ಹುಟ್ಟಿಸುವ ರೀತಿಯಲ್ಲಿ ಮಾಡಿದ. ಒಂದು ದಬ್ಬಳವನ್ನು ಕಣ್ಣುಗುಡ್ಡೆಗೂ ಅದರ ಸುತ್ತಲಿನ ಮೂಳೆಗೂ ನಡುವೆ ತೂರಿಸಿ, ಆದಷ್ಟು ಹಿಂದಕ್ಕೆ ಒಯ್ದು, ಗುಡ್ಡೆಯನ್ನು ಹಿಂದಿನಿಂದ ಒತ್ತಿದ. ಬಿಳಿ, ಕಪ್ಪು, ಬಣ್ಣ ಬಣ್ಣದ ವೃತ್ತಗಳು ಕಂಡವು. ದಬ್ಬಳ ಅಲ್ಲಾಡಿಸುತ್ತಿದ್ದರೆ ಅವು ಸ್ಪಷ್ಟ, ಸುಮ್ನೆ ಹಿಡಿದರೆ ಮಸುಕು. ಆ ಚಿತ್ರವನ್ನೂ ಬರೆದಿಟ್ಟ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ.

ಇದಕ್ಕೆ ಸರಿಯಾದ ವಿವರಣೆ ಕೊಟ್ಟವರು ಜರ್ಮನಿಯ ಶರೀರ ವಿಜ್ಞಾನಿ ಯೋಹಾನೆಸ್ ಮ್ಯೂಲರ್, 1826ರಲ್ಲಿ. ಕಣ್ಣಿನ ನರವನ್ನು ಬೆಳಕು ಕೆಣಕಲಿ, ಒತ್ತಡ ಕೆಣಕಲಿ, ಕರೆಂಟ್ ಕೆಣಕಲಿ, ಅದು ಮಿದುಳಿಗೆ ಹೇಳುವುದು ಬೆಳಕಿನ ಸುದ್ದಿ ಒಂದನ್ನೇ ಅಂದರು ಅವರು. ಕರೆಗಂಟೆಯನ್ನು ನೆಂಟರು ಒತ್ತಲಿ, ಬೀದಿ ಮಕ್ಕಳು ಒತ್ತಲಿ, ಒಳಗೆ ಕೇಳುವುದು ಅದೇ ಸದ್ದು ಅಲ್ವಾ? ಕತ್ತಲಲ್ಲಿ ಏಟು ತಿಂದ ಒಬ್ಬಾತ, ಆ ಏಟಿಗೆ ಕಣ್ಣಲ್ಲಿ ಹುಟ್ಟಿದ ಬೆಳಕಿನಲ್ಲೇ ಹೊಡೆದವನ ಗುರುತು ಹಿಡಿದೆ ಅಂತ ವಾದಿಸಿದ ಮೊಕದ್ದಮೆಯೂ ಆ ಕಾಲದಲ್ಲಿ ಚರ್ಚೆಗೆ ಬಂದಿತ್ತು. ಸಾಧ್ಯವೇ ಇಲ್ಲದ ಮಾತು. ಆ ಬೆಳಕು ನರದೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತದೆ, ಎದುರಿಗಿದ್ದವರ ಮುಖದ ಮೇಲೆ ಅದು ಬೀಳುವುದಿಲ್ಲ.

ಹಾಗಾದರೆ ತಲೆಯ ಹಿಂಭಾಗಕ್ಕೆ ಏಟು ಬಿದ್ದಾಗ? ನೋಟವನ್ನು ಅರ್ಥ ಮಾಡಿಕೊಳ್ಳುವ ಮಿದುಳಿನ ಭಾಗ ಇರುವುದೇ ಅಲ್ಲಿ, ತಲೆಯ ಹಿಂಬದಿಯಲ್ಲಿ. ಮಿದುಳು ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆಗೆ ಪೆಟ್ಟಾದರೆ ಅದು ಬುರುಡೆಯ ಗೋಡೆಗೆ ತಾಗಬಹುದು. ಅಲ್ಲಿನ ನರಕೋಶಗಳು ಕದಲಿ ಒಟ್ಟಿಗೆ ಸಂಕೇತ ಹೊರಡಿಸಿದರೆ ಮಿಂಚು ಕಾಣುತ್ತದೆ. ಇದಕ್ಕೆ ಕಣ್ಣೇ ಬೇಕಿಲ್ಲ. 1968ರಲ್ಲಿ ಇಂಗ್ಲೆಂಡಿನಲ್ಲಿ ಬ್ರಿಂಡ್ಲಿ ಮತ್ತು ಲೆವಿನ್ ಎಂಬ ಇಬ್ಬರು, ಕಣ್ಣು ಕಳೆದುಕೊಂಡ ಮಹಿಳೆಯೊಬ್ಬರ ಮಿದುಳಿನ ಹಿಂಬದಿಯಲ್ಲಿ ಎಲೆಕ್ಟ್ರೋಡುಗಳನ್ನು ಇಟ್ಟು ಸಣ್ಣ ಕರೆಂಟ್ ಹಾಯಿಸಿದರು. ಆ ಮಹಿಳೆಗೆ ಬೆಳಕಿನ ಚುಕ್ಕಿಗಳು ಕಂಡವು. ಎಲೆಕ್ಟ್ರೋಡ್ ಬದಲಾದರೆ ಚುಕ್ಕಿಯ ಜಾಗವೂ ಬದಲಾಗುತ್ತಿತ್ತು. ಕುರುಡರಿಗೆ ಕೃತಕ ನೋಟ ಕೊಡುವ ಇಂದಿನ ಪ್ರಯತ್ನಗಳಲ್ಲಿ ಕೆಲವು ಇದೇ ದಾರಿಯಲ್ಲಿ ಸಾಗಿವೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಖುಷಿ ಕೊಡುವ ಸಂಗತಿ ಇದು.

ಶ್ರಮದಿಂದ ಬರುವ ಮಿಂಚಿನ ಕಥೆ ಬೇರೆ, ಅಲ್ಲಿ ರಕ್ತದ ಪಾತ್ರ ಜಾಸ್ತಿ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದವರು ಥಟ್ಟನೆ ಎದ್ದರೆ ಅರ್ಧ ಲೀಟರಿನಷ್ಟು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಹೃದಯ ಅದನ್ನು ಸರಿದೂಗಿಸುವಷ್ಟರಲ್ಲಿ ಕೆಲವು ಸೆಕೆಂಡು ಮೇಲಕ್ಕೆ ರಕ್ತ ಸಾಲದು. ಉಸಿರು ಬಿಗಿಹಿಡಿದು ಭಾರ ಎತ್ತಿದಾಗಲೂ ಬಿಪಿ ಹೀಗೇ ಏರಿಳಿಯುತ್ತದೆ. ರೆಟಿನಾಕ್ಕೆ ಆಮ್ಲಜನಕದ ಹಸಿವು ಬಹಳ. ಅದರ ಮೇಲೆ ಕಣ್ಣುಗುಡ್ಡೆಯೊಳಗೆ ತನ್ನದೇ ಒತ್ತಡವಿದೆ, ರಕ್ತ ಅದನ್ನು ಮೀರಿ ಒಳಗೆ ನುಗ್ಗಬೇಕು. ಹಾಗಾಗಿ ಪ್ರಜ್ಞೆ ತಪ್ಪುವುದಕ್ಕೆ ಮೊದಲೇ ಕಣ್ಣು ಕತ್ತಲಿಡುತ್ತದೆ, ಕಿಡಿ ಹಾರಿದಂತಾಗುತ್ತದೆ. ಫೈಟರ್ ವಿಮಾನ ಓಡಿಸುವವರಿಗೂ ಜೋರು ತಿರುವಿನಲ್ಲಿ ಮೊದಲು ಮಸುಕಾಗುವುದು ನೋಟ, ಆಮೇಲೆ ಎಚ್ಚರ. ಅಪರೂಪಕ್ಕೆ ಹೀಗಾದರೆ ಕೂತು, ನೀರು ಕುಡಿದು, ನಿಧಾನಕ್ಕೆ ಎದ್ದರೆ ಸಾಕು. ಪದೇ ಪದೇ ಆಗುತ್ತಿದ್ದರೆ, ಅದರಲ್ಲೂ ಬಿಪಿ ಮಾತ್ರೆ ತಗೊಳ್ಳುವವರಿಗೆ, ಡಾಕ್ಟರಿಗೆ ಹೇಳಲೇಬೇಕು.

ಈಗ ನಾನು ಈ ಲೇಖನ ಬರೆಯಲು ಮುಖ್ಯ ಕಾರಣ. ಕಣ್ಣೊಳಗೆ ಲೋಳೆಯಂಥ ವಸ್ತು ತುಂಬಿದೆ, ಹೆಚ್ಚುಕಡಿಮೆ ನೀರೇ. ವಯಸ್ಸು ಐವತ್ತು ದಾಟಿದ ಮೇಲೆ ಅದು ಕುಗ್ಗಿ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಳ್ಳುವಾಗ ರೆಟಿನಾವನ್ನು ಎಳೆದರೆ ಕಣ್ಣಿನ ಅಂಚಿನಲ್ಲಿ ಫಳಕ್ಕನೆ ಮಿಂಚು, ಕತ್ತಲಲ್ಲಿ ಇನ್ನೂ ಸ್ಪಷ್ಟ. ಹೆಚ್ಚಿನವರಿಗೆ ಅಲ್ಲಿಗೇ ಮುಗಿಯುತ್ತದೆ. ಕೆಲವರಿಗೆ ಆ ಎಳೆತಕ್ಕೆ ರೆಟಿನಾ ಹರಿಯುತ್ತದೆ. ಜಾಸ್ತಿ ಮೈನಸ್ ಪವರ್ ಇರುವವರಿಗೆ, ಮುಖಕ್ಕೆ ಏಟು ತಿಂದವರಿಗೆ ಚಿಕ್ಕ ವಯಸ್ಸಿನಲ್ಲೇ ಹೀಗಾಗಬಹುದು. ಬೆಳಿಗ್ಗೆ ಇಲ್ಲದ ಮಿಂಚು ಸಂಜೆ ಶುರುವಾಗಿದ್ದರೆ, ಜೊತೆಗೆ ಕಪ್ಪು ಚುಕ್ಕಿಗಳು ಮಳೆಯಂತೆ ಉದುರುತ್ತಿದ್ದರೆ, ಪಕ್ಕದಿಂದ ಪರದೆ ಎಳೆದಂತಾದರೆ, ನಾಳೆ ನೋಡೋಣ ಅನ್ನಬೇಡಿ. ನೋವೇ ಇರುವುದಿಲ್ಲ, ಅದೇ ಮೋಸ. ಹರಿದಷ್ಟೇ ಇದ್ದರೆ ಲೇಸರ್‌ನಲ್ಲಿ ಮುಗಿಯುತ್ತದೆ, ರೆಟಿನಾ ತನ್ನ ಜಾಗದಿಂದ ಕಳಚಿಕೊಂಡರೆ ದೊಡ್ಡ ಆಪರೇಷನ್.

ಐದು ತಿಂಗಳು ತುಂಬಿದ ಬಸುರಿಗೆ ತಲೆನೋವಿನ ಜೊತೆ ಮಿಂಚು ಕಂಡರೆ ಅವತ್ತೇ ಬಿಪಿ ನೋಡಿಸಿ. ತಲೆಗೆ ಏಟು ಬಿದ್ದವರು ಮತ್ತೆ ಮತ್ತೆ ವಾಂತಿ ಮಾಡಿದರೆ, ಮಂಕಾದರೆ ಸೀದಾ ಆಸ್ಪತ್ರೆಗೆ. ಕಣ್ಣು ತೋರಿಸಲು ಹೋಗುವಾಗ ಗಾಡಿ ನೀವೇ ಓಡಿಸಬೇಡಿ. ರೆಟಿನಾ ಅಂಚಿನವರೆಗೂ ನೋಡಲು ಡ್ರಾಪ್ಸ್ ಹಾಕುತ್ತಾರೆ, ಆಮೇಲೆ ಕೆಲವು ಗಂಟೆ ಎಲ್ಲಾ ಮಸುಕು. ಯಾರನ್ನಾದರೂ ಜೊತೆಗೆ ಕರ್ಕೊಂಡು ಹೋಗಿ.