ಬೊಂಬಾಯಿಯ ಹಡಗು, ಕಲ್ಕತ್ತೆಯ ಪುಸ್ತಕ

ಮುಂಬಯಿಯ ಫೋರ್ಟ್ ಭಾಗದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಾರ್ನ್‌ಬಿಲ್ ಹೌಸ್ ಇದೆ. ಅದರ ಎದುರಿಗೇ ನೌಕಾಪಡೆಯ ಹಡಗುಕಟ್ಟೆಯ ಲಯನ್ ಗೇಟ್. ‘ಇನ್ವೆಸ್ಟಿಗೇಟರ್’ ಎಂಬ ಸಮುದ್ರ ಸಮೀಕ್ಷೆಯ ಹಡಗನ್ನು 1881ರಲ್ಲಿ ಬೊಂಬಾಯಿಯ ಈ ಕಟ್ಟೆಯಲ್ಲೇ ಕಟ್ಟಿದರು. ಅದು ಬಲೆ ಬೀಸಿ ಮೇಲೆತ್ತಿದ ಜೀವಿಗಳ ಚಿತ್ರಸಂಪುಟ ಮಾತ್ರ ಅಚ್ಚಾದದ್ದು ಕಲ್ಕತ್ತೆಯಲ್ಲಿ.

ಸಮುದ್ರಯಾನದ ವರದಿಗಳನ್ನು ಸಂಗ್ರಹಿಸುವವರಿಗೆ ಮೇರುವೆಂದರೆ ಬ್ರಿಟನ್ನಿನ ‘ಚಾಲೆಂಜರ್’. 1872ರಿಂದ 1876ರವರೆಗೆ ಜಗತ್ತು ಸುತ್ತಿದ ಆ ಹಡಗಿನ ವರದಿ 1880ರಿಂದ 1895ರೊಳಗೆ 50 ಸಂಪುಟಗಳಲ್ಲಿ ಹೊರಬಂತು. ಬರಿಗಣ್ಣಿಗೆ ಕಾಣದ ರೇಡಿಯೊಲೇರಿಯಾ ಜೀವಿಗಳಿಗಾಗಿಯೇ ಜರ್ಮನ್ ಪ್ರಾಣಿವಿಜ್ಞಾನಿ ಎರ್ನ್‌ಸ್ಟ್ ಹೆಕೆಲ್ ಬರೆದ ಭಾಗದಲ್ಲಿ 140 ಚಿತ್ರಫಲಕಗಳಿವೆ. ಅವುಗಳ ಚೆಲುವೇ ಅವುಗಳಿಗೆ ಶತ್ರುವಾಯಿತು. ಪುಸ್ತಕವನ್ನು ಬಿಚ್ಚಿ, ಫಲಕಗಳನ್ನು ಒಂದೊಂದಾಗಿ ಚೌಕಟ್ಟು ಹಾಕಿಸಿ ಮಾರಿದರೆ ಇಡೀ ಸಂಪುಟಕ್ಕಿಂತ ಹೆಚ್ಚು ಹಣ ಹುಟ್ಟುತ್ತದೆ. ಬರಹದ ಹಾಳೆಗಳು ರದ್ದಿಗೆ ಹೋಗುತ್ತವೆ. ನನ್ನ ಮಟ್ಟಿಗೆ ಇದು ವ್ಯಾಪಾರವಲ್ಲ, ಕಟುಕತನ.

ಏಕೆಂದರೆ ಪ್ರಾಣಿವಿಜ್ಞಾನದಲ್ಲಿ ಹಳೆಯ ಬರಹ ಹಳಸುವುದಿಲ್ಲ. ಒಂದು ಜೀವಿಗೆ ಎರಡು ಹೆಸರು ಬಿದ್ದಿದ್ದರೆ, ಸಾಮಾನ್ಯವಾಗಿ ನಿಲ್ಲುವುದು ಮೊದಲು ಪ್ರಕಟವಾದದ್ದು. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ 1758ರ ಆವೃತ್ತಿಯಿಂದ ಈ ಲೆಕ್ಕ ಶುರು. ಹಾಗಾಗಿ ಸಂಶೋಧಕರು ಇಂದಿಗೂ ಮೂಲ ವರ್ಣನೆಯನ್ನು, ಅದು ಅಚ್ಚಾದ ವರ್ಷವನ್ನು ಹುಡುಕಿಕೊಂಡು ಹೋಗುತ್ತಾರೆ.

ಇನ್ನು ನಮ್ಮ ಇನ್ವೆಸ್ಟಿಗೇಟರ್. ಅದರಲ್ಲಿ ಒಬ್ಬ ವೈದ್ಯನಿಗೆ ಪ್ರಕೃತಿತಜ್ಞನ ಕೆಲಸವೂ ಇರುತ್ತಿತ್ತು. 1888ರಿಂದ 1892ರವರೆಗೆ ಆ ಹುದ್ದೆಯಲ್ಲಿದ್ದ ಆಲ್ಫ್ರೆಡ್ ಆಲ್ಕಾಕ್ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳ ಆಳದ ಮೀನು, ಸಿಗಡಿ, ಏಡಿಗಳನ್ನು ಶೇಖರಿಸಿದ. ಮಾದರಿಗಳು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ಸೇರಿದವು. ಮುಂದೆ ಅವನೇ ಅಲ್ಲಿಯ ಮುಖ್ಯಸ್ಥನಾದ. 1892ರಿಂದ ಕಂತುಕಂತಾಗಿ ಹೊರಟ ಚಿತ್ರಸಂಪುಟದ ಫಲಕಗಳನ್ನು ಬರೆದವರಲ್ಲಿ ಎ. ಸಿ. ಚೌಧರಿ, ಎಸ್. ಸಿ. ಮಂಡಲ್ ಎಂಬ ಭಾರತೀಯ ಕಲಾವಿದರಿದ್ದರು. ಸಿಗಡಿಯ ಮೀಸೆಯ ಒಂದೊಂದು ಗೆಣ್ಣನ್ನೂ ಬಿಡದೆ ತೋರಿಸಿದ ಇವರ ಬಗ್ಗೆ ಮಾರಾಟದ ಪಟ್ಟಿಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಬಣ್ಣವಿಲ್ಲದ ಚಿತ್ರಗಳಾದ್ದರಿಂದ ಗೋಡೆಗೆ ತೂಗುಹಾಕುವವರೂ ಕೇಳುವುದಿಲ್ಲ. ಬಂಗುಡೆ, ಅಂಜಲ್ ತಿಂದು ಬೆಳೆದು ಮುಂಬಯಿಗೆ ಬಂದ ಕರಾವಳಿಯ ಕನ್ನಡಿಗನೊಬ್ಬ ಏನನ್ನಾದರೂ ಕೂಡಿಡುವುದಾದರೆ ಮೊದಲು ಇದನ್ನೇ ಕೂಡಿಡಬೇಕು ಎಂಬುದು ನನ್ನ ಪಕ್ಷಪಾತ.

ಕೂಡಿಡುವುದು ಸುಲಭವಲ್ಲ. ಕಂತುಗಳಲ್ಲಿ ಬಂದದ್ದರಿಂದ, ಕೊಂಡವರು ತಮಗೆ ತೋಚಿದಂತೆ ರಟ್ಟು ಕಟ್ಟಿಸಿದ್ದಾರೆ. ನಡುವಿನ ಒಂದು ಕಂತು ತಪ್ಪಿದ್ದರೂ ಹೊರಗಿನಿಂದ ಗೊತ್ತಾಗದು. ಫಲಕಗಳ ಸಂಖ್ಯೆಯನ್ನು ಒಂದೊಂದಾಗಿ ತಾಳೆ ನೋಡಲೇಬೇಕು. ಸಂಪುಟದಲ್ಲಿರುವುದು ಮುಖ್ಯವಾಗಿ ಚಿತ್ರಗಳು. ವಿವರವಾದ ವರ್ಣನೆಗೆ 1899ರಲ್ಲಿ ಬಂದ ಆಳಸಮುದ್ರದ ಮೀನುಗಳ ಪಟ್ಟಿ, ಅಂದಿನ ನಿಯತಕಾಲಿಕಗಳು ಬೇರೆಯಾಗಿ ಬೇಕು. ಇವೆಲ್ಲದರ ಮೇಲೆ ಮುಂಬಯಿಯ ಮಳೆಗಾಲ: ಬೂಸಲು, ಬೆಳ್ಳಿಹುಳು, ಅಂಟಿಕೊಂಡ ಹಾಳೆಗಳು.

ಇಂಥ ಗ್ರಂಥಗಳು ಈಗ ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. 2006ರಲ್ಲಿ ಆರಂಭವಾದ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಿಂದ ಓದುಗರಿಗೆ ಬಲು ಉಪಕಾರವಾಗಿದೆ. ಆದರೆ ಅಂಥ ಪ್ರತಿಗಳನ್ನೇ ಮುದ್ರಿಸಿ, ಹಳೆಯ ಪುಸ್ತಕವೆಂಬ ಭ್ರಮೆ ಹುಟ್ಟುವಂತೆ ಮಾರುವವರೂ ಹುಟ್ಟಿಕೊಂಡಿದ್ದಾರೆ. ಕೊಳ್ಳುವ ಮೊದಲು ಕಾಗದವನ್ನು ಮುಟ್ಟಿ ನೋಡಬೇಕು, ಗ್ರಂಥಾಲಯದ ಮೊಹರನ್ನು ಹುಡುಕಬೇಕು. ಮೊಹರಿದ್ದು, ಪುಸ್ತಕವನ್ನು ವಿಲೇವಾರಿ ಮಾಡಿದ ಗುರುತು ಇಲ್ಲದಿದ್ದರೆ ಅದು ಕಳವಿನ ಮಾಲೂ ಆಗಿರಬಹುದು. ಹಣ ಕೊಡುವ ಮೊದಲು ಆ ಗ್ರಂಥಾಲಯಕ್ಕೇ ಬರೆದು ಕೇಳುವುದು ಒಳ್ಳೆಯದು.