ಫ್ಯಾನ್ ಸದ್ದು ತೆಗೆಯೋಕೆ ಎರಡನೇ ಮೈಕ್ ಯಾಕೆ?

ಪ್ರಶ್ನೆ: ಮನೆಯಲ್ಲಿ ಮಾತು ರೆಕಾರ್ಡ್ ಮಾಡಿದರೆ ಫ್ಯಾನ್ ಸದ್ದೂ ಸೇರಿಕೊಳ್ಳುತ್ತದೆ. ಅಡಾಪ್ಟಿವ್ ಫಿಲ್ಟರ್ ಹಾಕಿದರೆ ಹೋಗುತ್ತೆ ಅಂತಾರೆ, ಆದರೆ ಎರಡನೇ ಮೈಕ್ ಬೇಕಂತೆ. ಇರುವ ಒಂದೇ ರೆಕಾರ್ಡಿಂಗ್‌ನಲ್ಲಿ ಆಗಲ್ವಾ?

ಉತ್ತರ: ಕರೆಂಟಿನ 50 ಹರ್ಟ್ಸ್ ಗುಂಯ್ ಅನ್ನುವ ಸದ್ದಾದರೆ ಒಂದೇ ಸಾಕು. ಫ್ಯಾನಿನ ಗಾಳಿ ಸದ್ದನ್ನು ಅಡಾಪ್ಟಿವ್ ಫಿಲ್ಟರ್‌ನಿಂದ ತೆಗೆಯೋಕೆ ಎರಡನೇ ಮೈಕ್ ಬೇಕೇ ಬೇಕು.

ಯಾಕಂದ್ರೆ ಈ ಫಿಲ್ಟರ್‌ಗೆ ಮಾತು ಯಾವುದು, ಗದ್ದಲ ಯಾವುದು ಅಂತ ಗೊತ್ತೇ ಇಲ್ಲ. ಎರಡನೇ ಮೈಕಿಗೆ ಬಿದ್ದ ಸದ್ದನ್ನು ನೋಡಿ, ಅದು ಮುಖ್ಯ ಮೈಕಿನಲ್ಲಿ ಹೇಗೆ ಕೇಳಿಸಬಹುದು ಎಂದು ಅಂದಾಜು ಮಾಡುತ್ತದೆ. ಆ ಅಂದಾಜನ್ನು ಕಳೆಯುತ್ತದೆ. ಉಳಿದದ್ದೇ ನಮಗೆ ಸಿಗುವ ಮಾತು. ಆ ಉಳಿಕೆಯನ್ನೇ ನೋಡಿಕೊಂಡು ಫಿಲ್ಟರ್ ಅಂದಾಜಿಗೆ ಬಳಸುವ ತನ್ನ ಅಂಕಿಗಳನ್ನು ಪ್ರತಿ ಸ್ಯಾಂಪಲ್‌ಗೂ (ಸದ್ದನ್ನು ಒಮ್ಮೆ ಅಳೆದಾಗಲೆಲ್ಲ) ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುತ್ತದೆ. ಮಾತಿಗೂ ಫ್ಯಾನಿಗೂ ಸಂಬಂಧವಿಲ್ಲದ್ದರಿಂದ ಮಾತು ಆ ಅಂಕಿಗಳನ್ನು ಒಮ್ಮೆ ಆಚೆ, ಒಮ್ಮೆ ಈಚೆ ಎಳೆಯುತ್ತದೆ. ಒಟ್ಟಾರೆ ಅದು ಸರಿಹೋಗುತ್ತದೆ. ಸ್ಟ್ಯಾನ್‌ಫರ್ಡ್‌ನ ಬರ್ನಾರ್ಡ್ ವಿಡ್ರೋ ಮತ್ತು ಟೆಡ್ ಹಾಫ್ 1960ರಲ್ಲಿ ಪ್ರಕಟಿಸಿದ ಎಲ್‌ಎಂಎಸ್ (ಲೀಸ್ಟ್ ಮೀನ್ ಸ್ಕ್ವೇರ್) ವಿಧಾನ ಇದೇ. ಇಷ್ಟು ಸರಳವಾದ ಲೆಕ್ಕ ಇಷ್ಟು ಚೆನ್ನಾಗಿ ಕೆಲಸ ಮಾಡುವುದು ನನಗೆ ಈಗಲೂ ಬೆರಗು.

ವಿಡ್ರೋ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದ ಒಂದು ಪ್ರಯೋಗ ನೋಡಿ. ಬಸುರಿಯ ಹೊಟ್ಟೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಇಸಿಜಿ ತೆಗೆದರೆ ಮಗುವಿನ ಎದೆಬಡಿತ ತಾಯಿಯ ಬಡಿತದಲ್ಲಿ ಮುಚ್ಚಿಹೋಗುತ್ತದೆ. ತಾಯಿಯದು ಹಲವು ಪಟ್ಟು ಜೋರು. ಅವರು ತಾಯಿಯ ಎದೆಯ ಮೇಲಿನ ನಾಲ್ಕು ಲೀಡ್‌ಗಳ ಸಿಗ್ನಲನ್ನು ರೆಫರೆನ್ಸ್ ಆಗಿ, ಅಂದರೆ ನಮ್ಮ ಎರಡನೇ ಮೈಕಿನ ಜಾಗದಲ್ಲಿ, ಕೊಟ್ಟರು. ತಾಯಿಯ ಬಡಿತ ತಗ್ಗಿ ಮಗುವಿನದು ಎದ್ದು ಕಂಡಿತು. ಎದೆಯವರೆಗೆ ಮಗುವಿನ ಸಿಗ್ನಲ್ ಹೆಚ್ಚು ಬರುವುದಿಲ್ಲ, ಗೆಲುವಿನ ಗುಟ್ಟು ಅದು.

ಮನೆಯಲ್ಲೂ ಅಷ್ಟೇ. ಎರಡನೇ ಮೈಕಿಗೆ ನಿಮ್ಮ ದನಿ ಜಾಸ್ತಿ ಬಿದ್ದರೆ ಫಿಲ್ಟರ್ ದನಿಯನ್ನೂ ಕಳೆದುಬಿಡುತ್ತದೆ. ಹಾಗಾಗಿ ಅದನ್ನು ಫ್ಯಾನಿನ ಹತ್ತಿರ ಇಡಿ, ಆದರೆ ಗಾಳಿ ನೇರ ಬಡಿಯುವ ಕಡೆ ಬೇಡ. ಅಲ್ಲಿ ಮೈಕಿಗೆ ಗಾಳಿ ತಾಗಿ ಹುಟ್ಟುವ ಸದ್ದು ಮುಖ್ಯ ಮೈಕಿನಲ್ಲಿ ಇರುವುದೇ ಇಲ್ಲ. ಎರಡು ಫೋನಿನಲ್ಲಿ ಬೇರೆ ಬೇರೆ ರೆಕಾರ್ಡ್ ಮಾಡುವುದೂ ಬೇಡ. ಅವುಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಸೆಕೆಂಡಿಗೆ 16,000 ಸ್ಯಾಂಪಲ್ ತೆಗೆದರೆ ಒಂದು ಸ್ಯಾಂಪಲ್ ಹೊತ್ತಿನಲ್ಲಿ ಸದ್ದು ಸುಮಾರು 2 ಸೆಂಟಿಮೀಟರ್ ಸಾಗುತ್ತದೆ. ಎರಡು ಫೋನ್ ನಿಧಾನಕ್ಕೆ ಹಿಂದೆಮುಂದೆ ಆದರೆ ಮೈಕ್ ತಾನೇ ಜರುಗುತ್ತಿದೆಯೇನೋ ಅನ್ನುವಷ್ಟು ಫಿಲ್ಟರ್ ಒದ್ದಾಡುತ್ತದೆ. ಒಂದೇ ರೆಕಾರ್ಡರ್‌ನ ಎರಡು ಚಾನೆಲ್ ಬಳಸಿ.

ತಿದ್ದುಪಡಿಯ ವೇಗಕ್ಕೆ ಸ್ಟೆಪ್ ಸೈಜ್ ಅಂತಾರೆ. ಜಾಸ್ತಿ ಇಟ್ಟರೆ ಫಿಲ್ಟರ್ ಬೇಗ ಕಲಿಯುತ್ತದೆ, ಆದರೆ ಮಾತು ಕದಡುತ್ತದೆ. ತೀರಾ ಜಾಸ್ತಿಯಾದರೆ ಲೆಕ್ಕವೇ ಕೈಮೀರುತ್ತದೆ. ಸಣ್ಣದರಿಂದ ಶುರುಮಾಡಿ.

ಒಂದೇ ರೆಕಾರ್ಡಿಂಗ್ ಇದ್ದಾಗ ಅದನ್ನೇ ಸ್ವಲ್ಪ ತಡಮಾಡಿ ರೆಫರೆನ್ಸ್ ಆಗಿ ಕೊಡಬಹುದು. ಕರೆಂಟಿನ ಸದ್ದು ಒಂದೇ ಸಮನೆ ಮರುಕಳಿಸುವುದರಿಂದ ಹಳೆಯದನ್ನು ನೋಡಿ ಮುಂದಿನದನ್ನು ಊಹಿಸಬಹುದು. ಗಾಳಿಯ ಸುಂಯ್ ಸದ್ದನ್ನು ಹಾಗೆ ಊಹಿಸಲು ಆಗದು. ಅದಕ್ಕೆ ಸ್ಪೆಕ್ಟ್ರಲ್ ಸಬ್‌ಟ್ರ್ಯಾಕ್ಷನ್‌ನಂಥ (ಪ್ರತಿ ಫ್ರೀಕ್ವೆನ್ಸಿಯಲ್ಲೂ ಗದ್ದಲದ ಪಾಲನ್ನು ಅಂದಾಜಿಸಿ ಕಳೆಯುವ) ಬೇರೆ ದಾರಿ ಹಿಡಿಯಬೇಕು. ಯಾವ ದಾರಿ ಹಿಡಿದರೂ ಮಾತು ಶುರುಮಾಡುವ ಮುಂಚೆ ಕೆಲವು ಸೆಕೆಂಡ್ ಬರೀ ಫ್ಯಾನ್ ಸದ್ದು ರೆಕಾರ್ಡ್ ಆಗಲಿ, ಗದ್ದಲ ಎಂಥದ್ದು ಅಂತ ಹಿಡಿಯಲು ಅಷ್ಟು ಹೊತ್ತು ಬೇಕು.