ಹೊಸ ಶೆಲ್ಲು ಹಾಕಿದರೂ ‘ಬ್ಯಾಟರಿ ಲೋ’

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗುವಷ್ಟರಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ಮುಂಬಾಗಿಲಿನ ಡಿಜಿಟಲ್ ಬೀಗ ಕುಂಯ್‌ಗುಡಲು ಶುರು ಮಾಡುತ್ತದೆ. ಕೆಂಪು ದೀಪ ಮಿನುಗುತ್ತದೆ, ಮೊಬೈಲಿಗೆ ‘ಬ್ಯಾಟರಿ 10%’ ಎಂಬ ಸಂದೇಶ ಬರುತ್ತದೆ. ಪೇಟೆಯಿಂದ ಹೊಸ ಶೆಲ್ಲು ತಂದು ಹಾಕಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ. ಹಳೇ ಮಾಲು ಕೊಟ್ಟ ಎಂದು ಅಂಗಡಿಯವನನ್ನು ಬೈಯುವುದು ಸುಲಭ. ಆದರೆ ಬೀಗದಿಂದ ತೆಗೆದ ಅದೇ ಶೆಲ್ಲನ್ನು ಗೋಡೆ ಗಡಿಯಾರಕ್ಕೆ ಹಾಕಿ ನೋಡಿ, ದೀಪಾವಳಿ ದಾಟಿಯೂ ಓಡುತ್ತದೆ.

ಇದರ ಗುಟ್ಟು ಇಷ್ಟೇ: ಶೆಲ್ಲಿನೊಳಗೆ ಎಷ್ಟು ವಿದ್ಯುತ್ ಉಳಿದಿದೆ ಎಂದು ಇಂಥ ಉಪಕರಣಗಳು ನೇರವಾಗಿ ಅಳೆಯುವುದಿಲ್ಲ. ಅವಕ್ಕೆ ಕಾಣುವುದು ವೋಲ್ಟೇಜ್ ಮಾತ್ರ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವವರಿಗೆ ಇದು ಥಟ್ಟನೆ ಹೊಳೆಯಬೇಕು. ಪೈಪಿನಲ್ಲೆಲ್ಲೋ ದರಗು ಸಿಕ್ಕಿಕೊಂಡಿದ್ದರೂ ನಲ್ಲಿ ತೊಟ್ಟಿಕ್ಕುವಷ್ಟು ನೀರಿಗೆ ಏನೂ ತೊಂದರೆಯಾಗದು. ಬಚ್ಚಲ ಹಂಡೆ ತುಂಬಿಸಲು ಪೂರಾ ತಿರುಗಿಸಿದಿರೋ, ಧಾರೆ ಸೊರಗುತ್ತದೆ. ಮೇಲೆ ನೀರು ಬತ್ತಿಲ್ಲ, ನಡುವೆ ಅಡ್ಡಿ ಇದೆ. ಗಡಿಯಾರ ತೊಟ್ಟಿಕ್ಕುವ ನಲ್ಲಿ, ಬೀಗದ ಮೋಟಾರು ಹಂಡೆ.

ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. ಬೀಗಕ್ಕೆ ನಾಲ್ಕು ಎಎ ಶೆಲ್ಲು, ಒಟ್ಟು 6 ವೋಲ್ಟ್. ನಾಲ್ಕು ಶೆಲ್ಲಿಗೆ ಎಂಟು ತುದಿ, ಅಂದರೆ ಎಂಟು ಕಡೆ ಲೋಹಕ್ಕೆ ಲೋಹ ತಾಗುತ್ತದೆ. ಥಂಡಿಗೆ ಮಸುಕು ಹಿಡಿದು ಒಂದೊಂದು ಕಡೆಯೂ ಕಾಲು ಓಮ್ ಅಡ್ಡಿ ಬಂತೆನ್ನಿ, ಎಲ್ಲ ಸೇರಿ 2 ಓಮ್. ಮೋಟಾರು ಅರ್ಧ ಆಂಪಿಯರ್ ಎಳೆದಾಗ ಅಲ್ಲೇ 1 ವೋಲ್ಟ್ ಸೋರಿಹೋಗಿ 5 ಉಳಿಯುತ್ತದೆ. ಇಂಥ ಹಲವು ಬೀಗಗಳು 4.8 ವೋಲ್ಟಿನ ಆಸುಪಾಸಿನಲ್ಲಿ ಎಚ್ಚರಿಕೆ ಕೊಡುತ್ತವೆ. ಇನ್ನು ಸ್ವಲ್ಪ ಎಳೆದರೆ ಸಾಕು, ಕೆಂಪು ದೀಪ.

ಹೆಚ್ಚು ಎಳೆಯುವುದು ಯಾವಾಗ? ಮಳೆಗಾಲದಲ್ಲಿ ಬಾಗಿಲು ಉಬ್ಬಿದಾಗ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಂಥ ಹವೆಯಲ್ಲಿ ಹಲಸಿರಲಿ, ಸಾಗುವಾನಿಯಿರಲಿ, ಹಲಗೆ ತೇವ ಕುಡಿದು ಅಗಲದ ಕಡೆಗೆ ಹಿಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ. ಬೀಗದ ನಾಲಿಗೆ ಬಾಗಿಲವಾಡದ ತೂತಿಗೆ ನೆಟ್ಟಗೆ ಇಳಿಯದೆ ತಗಡಿಗೆ ಉಜ್ಜುತ್ತದೆ. ಮೋಟಾರು ತಿಣುಕುತ್ತದೆ, ತಿಣುಕಿದಷ್ಟೂ ಕರೆಂಟು ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಯಂತ್ರಕ್ಕೆ ಬಾಗಿಲು ಉಬ್ಬಿದ್ದು ಗೊತ್ತಿಲ್ಲ, ಶೆಲ್ಲು ಸತ್ತಿತು ಎಂದು ದೂರು ಹೇಳುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ನಾಲಿಗೆ ಗಾಳಿಯಲ್ಲಿರುವಂತೆ ನಾಲ್ಕೈದು ಸಲ ಬೀಗ ಹಾಕಿ ತೆಗೆಯಿರಿ. ಮೋಟಾರಿನ ಸದ್ದು ಹಗುರಾಗಿ, ಎಚ್ಚರಿಕೆಯೂ ಬಾರದಿದ್ದರೆ ತಪ್ಪು ಶೆಲ್ಲಿನದಲ್ಲ. ನಾಲಿಗೆಯ ತುದಿಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ ಬೀಗ ತಿರುಗಿಸಿ. ತಗಡಿನ ಮೇಲೆ ಸುಣ್ಣ ಅಂಟಿದ ಕಡೆ ಅರದಿಂದ ಒಂದೆರಡು ಮಿಲಿಮೀಟರ್ ತೆಗೆದರೆ ಆಯಿತು. ಬಾಗಿಲನ್ನೇ ಹತ್ತರಿ ಹೊಡೆಸುವ ಆತುರ ಬೇಡ. ಬೇಸಿಗೆಯಲ್ಲಿ ಅದೇ ಹಲಗೆ ಒಣಗಿ ಸಂದು ಬಿಡುತ್ತದೆ.

ಬಾಗಿಲು ಸರಿಯಿದ್ದೂ ತಕರಾರು ಬಂದರೆ ಶೆಲ್ಲಿನ ಮನೆ ನೋಡಬೇಕು. ಮಲ್ಟಿಮೀಟರನ್ನು 2 ವೋಲ್ಟ್ ಡಿಸಿಗೆ ತಿರುಗಿಸಿ. ಒಂದು ಕಡ್ಡಿಯನ್ನು ಶೆಲ್ಲಿನ ಮೂಗಿನ ಮೇಲೆ, ಇನ್ನೊಂದನ್ನು ಅದಕ್ಕೆ ತಾಗಿರುವ ತಗಡಿನ ಮೇಲೆ ಒತ್ತಿ ಹಿಡಿದು, ಇನ್ನೊಬ್ಬರಿಗೆ ಬೀಗ ತಿರುಗಿಸಲು ಹೇಳಿ. ಸೊನ್ನೆಯ ಹತ್ತಿರವೇ ಇರಬೇಕು. 0.05 ದಾಟಿದರೆ ಆ ಜಾಗ ಕೊಳೆಯಾಗಿದೆ. ಹೀಗೆ ಎಂಟೂ ಕಡೆ. ಬೇಸರದ ಕೆಲಸವೇ, ಆದರೆ ಕಳ್ಳ ಸಿಗುತ್ತಾನೆ.

ಸ್ಪ್ರಿಂಗಿನ ಮೇಲೆ ಬಿಳಿ ಹಿಟ್ಟು ಕಂಡರೆ ಆಲ್ಕಲೈನ್ ಶೆಲ್ಲು ಸೋರಿದೆ ಎಂದರ್ಥ. ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗಿರುತ್ತದೆ. ಅದು ಕ್ಷಾರ, ಹುಳಿಗೆ ಕರಗುತ್ತದೆ. ಶೆಲ್ಲು ತೆಗೆದು, ಕೈಗೆ ತಾಗದಂತೆ ಇಯರ್ ಬಡ್ಸಿಗೆ ಎರಡು ಹನಿ ವಿನೆಗರ್ ಇಲ್ಲವೇ ನಿಂಬೆರಸ ಮುಟ್ಟಿಸಿ ಒರೆಸಿ. ನೊರೆ ನಿಂತ ಮೇಲೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ಟಿನಿಂದ ಇನ್ನೊಮ್ಮೆ ಒರೆಸಿ, ಒಣಗಲು ಬಿಡಿ. ಹುಳಿಯೆಂದು ವಾಟೆಹುಳಿ ಕದಡಿ ಹಚ್ಚಬೇಡಿ, ಜಿಗುಟು ಉಳಿಯುತ್ತದೆ. ಬರೀ ಮಸುಕಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಸಾಕು. ಉಪ್ಪುಕಾಗದ ಹಾಕಿ ತಿಕ್ಕಿದರೆ ಮೇಲಿನ ನಿಕ್ಕಲ್ ಲೇಪ ಕಿತ್ತುಬಂದು, ಕೆಳಗಿನ ಉಕ್ಕು ಬೇಗನೆ ತುಕ್ಕು ಹಿಡಿಯುತ್ತದೆ. ಸಡಿಲವಾದ ಸ್ಪ್ರಿಂಗನ್ನು ಉಗುರಿನಿಂದ ತುಸು ಎಳೆದು ಉದ್ದ ಮಾಡಿ.

ಶೆಲ್ಲಿನ ಜಾತಿಯೂ ಮುಖ್ಯ. ‘ಹೆವಿ ಡ್ಯೂಟಿ’ ಎಂದು ಬರೆದಿರುವ ಅಗ್ಗದ ಶೆಲ್ಲು ಹೆಸರಿಗಷ್ಟೇ ಗಟ್ಟಿ. ಅದು ಜಿಂಕ್-ಕಾರ್ಬನ್ ಶೆಲ್ಲು, ಅದರೊಳಗೇ ಅಡ್ಡಿ ಜಾಸ್ತಿ, ಮೋಟಾರಿಗೆ ಆಗುವುದಿಲ್ಲ. ಚಾರ್ಜ್ ಮಾಡುವ ನಿಕ್ಕಲ್ ಶೆಲ್ಲಿನದು ಬೇರೆ ಕಥೆ. ಅದರ ವೋಲ್ಟೇಜೇ 1.2, ನಾಲ್ಕು ಸೇರಿದರೆ 4.8. ತುಂಬು ಚಾರ್ಜಿನಲ್ಲಿ ತುಸು ಮೇಲಿದ್ದು, ಬೇಗ ಆ ಮಟ್ಟಕ್ಕಿಳಿದು ಬಹುಕಾಲ ಅಲ್ಲೇ ನಿಲ್ಲುತ್ತದೆ. ಒಳಗೆ ಇನ್ನೂ ಅರ್ಧ ಉಳಿದಿರುವಾಗಲೇ ಬೀಗ ಬೊಬ್ಬೆ ಹೊಡೆಯುತ್ತದೆ. ಲಿಥಿಯಂ ಎಎ ಶೆಲ್ಲು ಇದಕ್ಕೆ ತದ್ವಿರುದ್ಧ: ಕೊನೆಯ ತನಕ ವೋಲ್ಟೇಜ್ ಬಿಟ್ಟುಕೊಡದೆ, ಎಚ್ಚರಿಕೆಗೆ ಪುರುಸೊತ್ತನ್ನೇ ಕೊಡದೆ ಕೈಕೊಡುತ್ತದೆ. ಸುಳ್ಳು ಎಚ್ಚರಿಕೆಗಿಂತ ಇದೇ ಹೆಚ್ಚು ಅಪಾಯ. ಕೆಲವು ಉಪಕರಣಗಳ ಆ್ಯಪಿನಲ್ಲಿ ಶೆಲ್ಲಿನ ಬಗೆ ಆರಿಸಲು ಜಾಗವಿದೆ, ಅದನ್ನು ಮೊದಲು ಸರಿ ಮಾಡಿ. ಹಳೆಯದು, ಹೊಸದು ಬೆರೆಸುವುದಂತೂ ಬೇಡವೇ ಬೇಡ.

ಅಮೆರಿಕದ ಮನೆಗಳಲ್ಲಿ ಕೋಣೆಯ ಬಿಸಿಯನ್ನು ಹದದಲ್ಲಿಡುವ ಸ್ಮಾರ್ಟ್ ಥರ್ಮೋಸ್ಟಾಟಿನಲ್ಲೂ ಇದೇ ಗೋಳು, ಕಾರಣ ಮಾತ್ರ ಬೇರೆ. ಕೆಲವು ಮಾದರಿಗಳ ಒಳಗಿನ ಲಿಥಿಯಂ ಬ್ಯಾಟರಿಗೆ ಹೀಟರಿನ 24 ವೋಲ್ಟ್ ತಂತಿಯಿಂದಲೇ ಚಾರ್ಜ್ ಆಗಬೇಕು. ‘ಸಿ’ ಎಂಬ ವಾಪಸು ತಂತಿ ಇಲ್ಲದ ಹಳೇ ಮನೆಗಳಲ್ಲಿ ಅದು ಅಷ್ಟಷ್ಟೇ ಕದ್ದು ತುಂಬಿಕೊಳ್ಳುತ್ತದೆ. ಬ್ಯಾಟರಿ ಗಟ್ಟಿಯಾಗಿದ್ದರೂ ‘ಲೋ’ ಬರುತ್ತದೆ.

ನಮ್ಮಲ್ಲಿ ವೈಫೈ ಸೆನ್ಸರ್‌ಗಳ ಪಾಡು ಇನ್ನೊಂದು. ಅಡಿಕೆ ಉಗ್ರಾಣದ ತೇವ ನೋಡಲು ಇಟ್ಟದ್ದಕ್ಕೂ ಜಗುಲಿಯ ರೂಟರಿಗೂ ನಡುವೆ ದಪ್ಪ ಜಂಬಿಟ್ಟಿಗೆ ಗೋಡೆ. ಸಂದೇಶ ಒಂದೇ ಸಲಕ್ಕೆ ತಲುಪದೆ ಮತ್ತೆ ಮತ್ತೆ ಕಳಿಸುತ್ತದೆ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿದ್ದರೆ, ಸತ್ತ ರೂಟರನ್ನು ರಾತ್ರಿಯಿಡೀ ಹುಡುಕುತ್ತದೆ. ಹೀಗಾಗಿ ಬಂದ ಎಚ್ಚರಿಕೆ ಸುಳ್ಳಲ್ಲ, ಶೆಲ್ಲು ನಿಜಕ್ಕೂ ಖಾಲಿ. ಕರೆಂಟು ಹೋದ ಕೂಡಲೇ ಅದರ ಶೆಲ್ಲು ತೆಗೆದಿಡಿ, ಇಲ್ಲವೇ ರೂಟರಿಗೆ ಸಣ್ಣ ಯುಪಿಎಸ್ ಹಾಕಿ.

ಎಲ್ಲ ಸರಿಮಾಡಿದರೂ ಹಳೇ ಎಚ್ಚರಿಕೆ ಹೋಗದಿದ್ದರೆ ಅದು ನೆನಪಿನಲ್ಲಿ ಕುಳಿತಿರಬಹುದು. ಶೆಲ್ಲು ತೆಗೆದು, ಒಳಗೆ ತುಸು ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿಯಾಗಲು ಯಾವುದಾದರೂ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಎರಡು ನಿಮಿಷ ಬಿಟ್ಟು ಹಾಕಿ. ಆ್ಯಪಿನ ಅಂಕಿ ಬದಲಾಗಲು ಒಂದು ದಿನ ಕಾಯಿರಿ, ದಿನಕ್ಕೆ ಒಂದೆರಡು ಸಲವಷ್ಟೇ ವೋಲ್ಟೇಜ್ ನೋಡುವ ಯಂತ್ರಗಳಿವೆ. ಈ ಕೆಲಸ ಮಾಡುವಾಗ ಬಾಗಿಲು ತೆರೆದೇ ಇರಲಿ. ಬೀಗದ ಜೊತೆ ಬಂದ ಕಬ್ಬಿಣದ ಕೀಲಿಕೈಯನ್ನು ಮನೆಯೊಳಗಿನ ಬೀರುವಿನಲ್ಲಿಡದೆ ಕೊಟ್ಟಿಗೆಯ ಮೊಳೆಗೆ ತೂಗುಹಾಕಿ.